ಕಿಕ್ಕರ್‌ನಿಂದ ಬಟನ್‌ವರೆಗೆ: ಒಂದು ಮನೆಯ ವಾಹನಗಳ ಚರಿತ್ರೆ

ಚರಿತ್ರೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ರಾಜವಂಶಗಳು, ಯುದ್ಧಗಳು, ಶಾಸನಗಳು. ಮನೆಯ ಮುಂದೆ ನಿಂತಿರುವ ಸೈಕಲ್ಲು, ಸ್ಕೂಟರುಗಳಿಗೂ ಒಂದು ಚರಿತ್ರೆ ಇದೆ ಎಂಬುದು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಹೊಳೆದರೂ ಯಾವ ವಾಹನ ಎಷ್ಟು ವೇಗವಾಗಿ ಓಡುತ್ತಿತ್ತು, ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತಿತ್ತು, ಬೆಲೆ ಎಷ್ಟಿತ್ತು ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಇಲ್ಲಿ ನಾವು ಇನ್ನೊಂದು ಪ್ರಶ್ನೆ ಕೇಳೋಣ. ಮನೆಯಲ್ಲಿ ಒಂದು ವಾಹನವಿದ್ದರೆ, ಅದನ್ನು ಸ್ಟಾರ್ಟ್ ಮಾಡಿಕೊಂಡು ಹೊರಡಬಲ್ಲವರು ಆ ಮನೆಯಲ್ಲಿ ಎಷ್ಟು ಜನ?

ನಾನು ಮೈಸೂರಿನಲ್ಲಿ ಬೆಳೆದವಳು. ಓದಿದ್ದು ವಿಜ್ಞಾನ, ಸೇರಿದ್ದು ದೂರದರ್ಶನದ ಕಾರ್ಯಕ್ರಮ ನಿರ್ಮಾಣಕ್ಕೆ. ನನಗೆ ತಿಳಿವಳಿಕೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಇದ್ದ ವಾಹನಗಳು ಒಟ್ಟು ಏಳು. ಒಂದೊಂದರ ಮೇಲೂ ನನಗೆ ಅಕ್ಕರೆ ಇದೆ. ಆದರೆ ಆ ಏಳನ್ನೂ ಸಾಲಾಗಿ ನಿಲ್ಲಿಸಿ ನೋಡಿದರೆ ಅಕ್ಕರೆಗಿಂತ ದೊಡ್ಡದಾದ ಒಂದು ಸಂಗತಿ ಕಾಣುತ್ತದೆ. ಯಂತ್ರದಲ್ಲಿ ಆದ ಒಂದು ಸಣ್ಣ ಬದಲಾವಣೆ, ಅಂದರೆ ಒಂದು ಕೊಳವೆ, ಒಂದು ಕ್ಲಚ್ಚು, ಒಂದು ಬಟನ್, ಮನೆಯಿಂದ ಹೊರಗೆ ಯಾರು ಯಾವಾಗ ಹೋಗಬಹುದು ಎಂಬುದನ್ನೇ ಬದಲಿಸಿಬಿಟ್ಟಿತು.

ಬಾರ್ ಇದ್ದ ಸೈಕಲ್, ಬಾರ್ ಇಲ್ಲದ ಸೈಕಲ್

ಇಂದಿನ ಸೈಕಲ್ಲಿನ ರೂಪವನ್ನು ನೆಲೆಗೊಳಿಸಿದ್ದು ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ತಯಾರಿಸಿದ 'ರೋವರ್' ಸೈಕಲ್. ಎರಡೂ ಚಕ್ರಗಳು ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. ಮೂರು ವರ್ಷಗಳ ನಂತರ, 1888ರಲ್ಲಿ, ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದರು. ಸವಾರಿ ಹಗುರವಾಯಿತು.

ಸೀಟಿನಿಂದ ಹ್ಯಾಂಡಲ್‌ವರೆಗೆ ಹೋಗುವ ಮೇಲಿನ ಕೊಳವೆಯನ್ನು ನಾವು 'ಬಾರ್' ಎನ್ನುತ್ತೇವೆ. ಅದು ಸುಮ್ಮನೆ ಇಟ್ಟದ್ದಲ್ಲ. ತ್ರಿಕೋನವು ಸುಲಭವಾಗಿ ಆಕಾರ ಕೆಡದ ರಚನೆ ಎಂದು ನೀವು ಭೌತಶಾಸ್ತ್ರದಲ್ಲಿ ಓದಿರುತ್ತೀರಿ. ಬಾರ್ ಇದ್ದರೆ ಚೌಕಟ್ಟು ತ್ರಿಕೋನಗಳಿಂದ ಕೂಡಿ ಗಟ್ಟಿಯಾಗುತ್ತದೆ. ಆದರೆ ಅದೇ ಬಾರ್ ಲಂಗ, ಸೀರೆ ಉಟ್ಟವರಿಗೆ ತಡೆಗೋಡೆ. 'ಲೇಡೀಸ್ ಸೈಕಲ್' ಎಂದರೆ ಆ ಬಾರನ್ನು ಕೆಳಕ್ಕೆ ಇಳಿಸಿದ ಸೈಕಲ್, ಅಷ್ಟೆ. ಇಳಿಸಿದ್ದರಿಂದ ಕಳೆದುಹೋದ ಬಲವನ್ನು ದಪ್ಪ ಕೊಳವೆಗಳಿಂದ ತುಂಬಿಕೊಳ್ಳಬೇಕಾಗುತ್ತದೆ.

ನಮ್ಮ ಮನೆಯ ಮೊದಲ ವಾಹನ ಅಜ್ಜನ ಕಾಲದ ಕಪ್ಪು ಸೈಕಲ್. ಚಕ್ರಕ್ಕೆ ಒರಗಿಕೊಂಡು ತಿರುಗುವ ಡೈನಮೋ, ಹಿಂದೆ ಅಗಲವಾದ ಕ್ಯಾರಿಯರ್. ಬೀದಿಯ ಹುಡುಗರೆಲ್ಲ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯುತ್ತ ಅದರಲ್ಲೇ ಕಲಿತರು. ಬಾರಿನ ಮೇಲೆ ಕೂತು ಅಪ್ಪನ ಜೊತೆ ಮಾರುಕಟ್ಟೆಗೆ ಹೋಗಿಬರುವ ಭಾಗ್ಯ ನನ್ನದಾಗಿತ್ತು. ಅಮ್ಮ ಮಾತ್ರ ಅದನ್ನು ಒರೆಸುತ್ತಿದ್ದಳೇ ಹೊರತು ಒಮ್ಮೆಯೂ ಹತ್ತಲಿಲ್ಲ. ನಾನು ಹೈಸ್ಕೂಲಿಗೆ ಹೋಗುವಾಗ ನನಗೆಂದು ಬಾರ್ ಇಲ್ಲದ ಒಂದು ಸೈಕಲ್ ಬಂತು. ಅದು ನನ್ನ ಮೊದಲ ಸ್ವಂತ ವಾಹನ. ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ಬಂದು ಬಿಸಿ ಅನ್ನ ಉಂಡು ಹೋಗುವಷ್ಟು ಸಮಯ ನನಗೆ ದೊರೆತದ್ದು ಅದರಿಂದಲೇ.

ಬಾರ್ ತೆಗೆದ ಮಾತ್ರಕ್ಕೆ ಎಲ್ಲವೂ ಆಗಿಹೋಯಿತೆಂದು ತಿಳಿಯಬಾರದು. ನೆರೆಯ ತಮಿಳುನಾಡಿನ ಪುದುಕೋಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ನಡೆದ ಸಾಕ್ಷರತಾ ಆಂದೋಲನವು ಅಕ್ಷರದ ಜೊತೆಗೆ ಸೈಕಲ್ ಸವಾರಿಯನ್ನೂ ಹೆಂಗಸರಿಗೆ ಕಲಿಸಿತು. ಕೃಷಿ ಕೂಲಿಗಳು, ಕಲ್ಲುಕ್ವಾರಿಯ ಕೆಲಸಗಾರರು, ದಾದಿಯರು ಸಾವಿರ ಸಾವಿರ ಸಂಖ್ಯೆಯಲ್ಲಿ ಕಲಿತರು. ಲೇಡೀಸ್ ಸೈಕಲ್‌ಗಳು ಸಾಕಾಗದೆ ಹೋದಾಗ ಬಾರ್ ಇದ್ದ ಸೈಕಲ್ಲನ್ನೇ ಹತ್ತಿದರು. ಆ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು ಎಂಬ ಅನುಕೂಲವನ್ನೂ ಅವರೇ ಕಂಡುಕೊಂಡರು. ಯಂತ್ರ ಬಾಗಿಲು ತೆರೆಯಬಲ್ಲದು. ಹೊಸಿಲು ದಾಟಲು ಊರಿನ ಒಪ್ಪಿಗೆಯೋ ಜೊತೆಗಾರರ ಧೈರ್ಯವೋ ಬೇಕಾಗುತ್ತದೆ.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಯೋಜನೆಯಿಂದ ಎಂಟನೇ ತರಗತಿಯ ಮಕ್ಕಳು ಹಲವು ವರ್ಷ ಉಚಿತ ಸೈಕಲ್ ಪಡೆದರು. ಅದೇ 2006ರಲ್ಲಿ ಬಿಹಾರದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಜಾರಿಗೆ ಬಂತು. ಅದನ್ನು ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆಗೆ ಸಕಾಲದಲ್ಲಿ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತೆಂದು ಕಂಡುಕೊಂಡರು. ಶಾಲೆಗಳು ಮೊದಲೂ ಅಲ್ಲೇ ಇದ್ದವು. ಮನೆಗೂ ಶಾಲೆಗೂ ನಡುವಿನ ದೂರ ಮಾತ್ರ ಕಡಿಮೆಯಾಗಿತ್ತು.

ಮೈಸೂರಿನಲ್ಲಿ ಹುಟ್ಟಿದ ಮೋಟಾರ್‌ಸೈಕಲ್

ನಮ್ಮ ಮನೆಯ ಎರಡನೆಯ ವಾಹನ ಅಪ್ಪನ ಯೆಜ್ಡಿ. ಅದರ ಮೂಲ ಚೆಕೊಸ್ಲೊವಾಕಿಯಾ ದೇಶದ ಜಾವಾ. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯನ್ನು ಕೊಂಡುಕೊಂಡಾಗ, ಇಬ್ಬರ ಹೆಸರಿನ ಮೊದಲ ಅಕ್ಷರಗಳೂ ಸೇರಿ 'ಜಾವಾ' ಆಯಿತು. ಪರದೇಶದ ವಾಹನಗಳ ಆಮದಿಗೆ ನಿರ್ಬಂಧ ಬಂದ ಮೇಲೆ, ಇರಾನಿ ಕುಟುಂಬದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಿಂದ ಅಲ್ಲಿ 250 ಸಿ.ಸಿ. ಜಾವಾ ತಯಾರಾಗತೊಡಗಿತು. 1970ರ ದಶಕದಲ್ಲಿ 'ಯೆಜ್ಡಿ' ಎಂಬ ಹೆಸರು ಬಂತು. 1978ರಲ್ಲಿ 'ರೋಡ್‌ಕಿಂಗ್' ಬಂತು.

ಎರಡು ಸೈಲೆನ್ಸರು, ಪೆಟ್ರೋಲಿಗೆ ಬೆರೆಸಿದ ಎಣ್ಣೆಯ ವಾಸನೆ, ಖಾಲಿ ಡಬ್ಬದಲ್ಲಿ ಗೋಲಿ ಕುಲುಕಿದಂಥ ಆ ಶಬ್ದ. ಇವೆಲ್ಲ ಅಂದಿನ ಮೈಸೂರಿನ ಸಂಜೆಯ ಭಾಗಗಳು. ಭಾನುವಾರ ಅಪ್ಪ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು, ಅಮ್ಮನನ್ನು ಹಿಂದೆ ಕೂರಿಸಿಕೊಂಡು, ಚಾಮುಂಡಿ ಬೆಟ್ಟ ಹತ್ತಿಸುತ್ತಿದ್ದರು. ಟ್ಯಾಂಕಿನ ಮೇಲೆ ಮಗುವನ್ನು ಕೂರಿಸುವುದು ಅಪಾಯವೆಂದು ಈಗ ಎಲ್ಲರಿಗೂ ಗೊತ್ತು. ನೀವು ಅದನ್ನು ಅನುಕರಿಸಬೇಡಿ.

ಈ ಗಾಡಿಯ ವಿಶೇಷ ಎಡಗಡೆಯ ಒಂದೇ ಒಂದು ಲಿವರ್. ಒಳಕ್ಕೆ ಒತ್ತಿ ತಿರುಗಿಸಿ ನಿಲ್ಲಿಸಿದರೆ ಅದು ಕಿಕ್ಕರ್. ಸ್ಟಾರ್ಟ್ ಆದ ಮೇಲೆ ಮೊದಲಿನ ಜಾಗಕ್ಕೆ ತಂದರೆ ಅದೇ ಗೇರ್. ಇಂಥ ಜಾಣತನಕ್ಕೆ ಯಾರೂ ತಲೆದೂಗಬೇಕು. ಆದರೆ ಅದನ್ನು ಒದೆಯುವುದು ಸುಲಭವಾಗಿರಲಿಲ್ಲ. ಸಿಲಿಂಡರಿನಲ್ಲಿರುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಪಿಸ್ಟನ್ ಒತ್ತಿ ಕುಗ್ಗಿಸಿದರೆ ಮಾತ್ರ ಕಿಡಿ ತಗುಲಿ ಅದು ಉರಿಯುತ್ತದೆ. ಎಂಜಿನ್ ಓಡುತ್ತಿರುವಾಗ ಈ ಕೆಲಸವನ್ನು ಅದರ ಸ್ವಂತ ವೇಗವೇ ಮಾಡಿಕೊಳ್ಳುತ್ತದೆ. ಮೊದಲ ಸುತ್ತಿಗೆ ಮಾತ್ರ ನಮ್ಮ ಕಾಲಿನ ಬಲ ಬೇಕು. ಸಿಲಿಂಡರ್ ದೊಡ್ಡದಾದಷ್ಟೂ ಬೇಕಾಗುವ ಬಲ ಹೆಚ್ಚು.

ಹಿಂದಿನ ಚಕ್ರದ ಪಕ್ಕದಲ್ಲಿ ಸೀರೆ ಸಿಕ್ಕಿಕೊಳ್ಳದಂತೆ ಜಾಲರಿ ಇತ್ತು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ರಕ್ಷಣೆ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಹೇಳುತ್ತವೆ. ಒಳ್ಳೆಯ ನಿಯಮ, ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಚರಿತ್ರೆಯ ಕಣ್ಣಿನಿಂದ ನೋಡಿದರೆ ಆ ಜಾಲರಿ ಒಂದು ದಾಖಲೆಯೂ ಹೌದು. ಸೀರೆ ಉಟ್ಟವರ ಜಾಗ ಗಾಡಿಯ ಮೇಲೆ ಎಲ್ಲಿ ಎಂಬುದನ್ನು ಅದು ಬರೆದಿಟ್ಟಿದೆ.

1987ರ ಮಳೆಗಾಲದ ಒಂದು ರಾತ್ರಿ ಅಪ್ಪನಿಗೆ ವಿಪರೀತ ಹೊಟ್ಟೆನೋವು ಬಂತು. ಆಗ ನನಗೆ ಎಂಟು ವರ್ಷ. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು, ಗಾಡಿ ಸುಸ್ಥಿತಿಯಲ್ಲಿತ್ತು, ಬೀಗದ ಕೈ ಮೊಳೆಯಲ್ಲಿ ನೇತಾಡುತ್ತಿತ್ತು. ಅದನ್ನು ಸ್ಟಾರ್ಟ್ ಮಾಡಬಲ್ಲವರು ಮನೆಯಲ್ಲಿ ಒಬ್ಬರೇ, ಅವರೇ ನೆಲದ ಮೇಲೆ ಮುದುಡಿ ಮಲಗಿದ್ದರು. ಅಮ್ಮ ನನ್ನನ್ನು ಅಜ್ಜಿಯ ಬಳಿ ಬಿಟ್ಟು, ಮಳೆಯಲ್ಲಿ ಮುಖ್ಯರಸ್ತೆಯವರೆಗೆ ನಡೆದುಹೋಗಿ ಆಟೋ ಹುಡುಕಿ ತಂದಳು. ಅಪೆಂಡಿಕ್ಸ್ ಎಂದು ತಿಳಿದು ಬೆಳಗಿನ ಜಾವ ಶಸ್ತ್ರಚಿಕಿತ್ಸೆಯಾಯಿತು, ಅಪ್ಪ ಚೇತರಿಸಿಕೊಂಡರು. ಆ ಗಾಡಿಯನ್ನು ನಾನು ಇಂದಿಗೂ ಪ್ರೀತಿಸುತ್ತೇನೆ. ಆದರೂ ಆ ರಾತ್ರಿ ಅದು ಅಂಗಳದಲ್ಲಿ ಸುಮ್ಮನೆ ನೆನೆಯುತ್ತ ನಿಂತಿದ್ದು ಮರೆತಿಲ್ಲ.

ಲೂನಾ ಮಿಸ್ಸು

ಮರುವರ್ಷ ನಮ್ಮ ಮನೆಗೆ ಲೂನಾ ಬಂತು. ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ಸಂಸ್ಥೆ 1972ರಲ್ಲಿ ಹೊರತಂದ 50 ಸಿ.ಸಿ.ಯ ಮೊಪೆಡ್ ಅದು. ನಮ್ಮ ಗಡಿಯಾಚೆಯ ಹೊಸೂರಿನಿಂದ 1980ರಲ್ಲಿ ಟಿ.ವಿ.ಎಸ್. 50 ಬಂದು ಅದಕ್ಕೆ ಜೊತೆಯಾಯಿತು. ಹಾಲು, ತರಕಾರಿ, ಹೂವು, ಗ್ಯಾಸ್ ಸಿಲಿಂಡರ್, ಎಲ್ಲವೂ ಮೊಪೆಡ್ಡಿನ ಮೇಲೆ ಓಡಾಡಿದವು.

ಲೂನಾದಲ್ಲಿ ಕಿಕ್ಕರ್ ಇರಲಿಲ್ಲ, ಸೈಕಲ್ಲಿನಂತೆ ಪೆಡಲ್ ಇತ್ತು. ಸ್ಟಾಂಡ್ ಹಾಕಿ ನಾಲ್ಕು ಬಾರಿ ತುಳಿದರೆ ಸ್ಟಾರ್ಟ್. ಗೇರು ಬದಲಿಸುವ ಗೋಜಿಲ್ಲ, ಕ್ಲಚ್ಚು ಹಿಡಿಯುವ ಗೋಜೂ ಇಲ್ಲ. ಅದು ಹೇಗೆ ಸಾಧ್ಯ? ದಸರಾ ವಸ್ತುಪ್ರದರ್ಶನದಲ್ಲಿ ಸರಪಳಿಗೆ ಕಟ್ಟಿದ ಕುರ್ಚಿಗಳು ಗಿರಗಿರನೆ ತಿರುಗುವುದನ್ನು ನೋಡಿದ್ದೀರಲ್ಲ. ವೇಗ ಏರಿದಂತೆ ಕುರ್ಚಿಗಳು ಹೊರಕ್ಕೆ ಹಾರುತ್ತವೆ. ಲೂನಾದ ಕ್ಲಚ್ಚೂ ಹಾಗೆಯೇ. ಎಂಜಿನ್ ನಿಧಾನವಾಗಿ ತಿರುಗುವಾಗ ಅದರ ಒಳಗಿನ ಪಟ್ಟಿಗಳು ಮಡಚಿಕೊಂಡಿರುತ್ತವೆ, ಚಕ್ರಕ್ಕೆ ಬಲ ತಲುಪುವುದಿಲ್ಲ. ಆಕ್ಸಿಲರೇಟರ್ ತಿರುಗಿಸಿದೊಡನೆ ಆ ಪಟ್ಟಿಗಳು ಹೊರಕ್ಕೆ ಚಾಚಿ ಸುತ್ತಲಿನ ಡ್ರಮ್ಮನ್ನು ಹಿಡಿದುಕೊಳ್ಳುತ್ತವೆ, ಗಾಡಿ ಮುಂದೆ ಸಾಗುತ್ತದೆ. ಸೀಟಿಗೂ ಹ್ಯಾಂಡಲ್ಲಿಗೂ ನಡುವೆ ತಗ್ಗು ಇದ್ದುದರಿಂದ ಸೀರೆಗೂ ಅಡ್ಡಿಯಿರಲಿಲ್ಲ.

ಅಮ್ಮ ತಿ. ನರಸೀಪುರ ರಸ್ತೆಯ ಒಂದು ಹಳ್ಳಿಯಲ್ಲಿ ಶಿಕ್ಷಕಿ. ಹದಿನಾಲ್ಕು ಕಿಲೋಮೀಟರ್ ದಾರಿ. ಬೆಳಗಿನ ಬಸ್ಸು ಏಳು ಗಂಟೆಗೆ, ಅದು ತಪ್ಪಿದರೆ ಆ ದಿನದ ಸಂಬಳ ತಪ್ಪಿದಂತೆ. ಮಹಾರಾಜ ಕಾಲೇಜು ಮೈದಾನದಲ್ಲಿ ಅಪ್ಪ ಒಂದು ವಾರ ಬೆಳಿಗ್ಗೆ ಬೆಳಿಗ್ಗೆ ಲೂನಾ ಕಲಿಸಿದರು. ಅಜ್ಜಿಗೆ ದಿಗಿಲು.

"ಬಿದ್ದರೆ ಏನೇ ಗತಿ?" ಎಂದರು.

"ಬಸ್ಸಿನ ಫುಟ್‌ಬೋರ್ಡಿಗಿಂತ ಇದು ತಗ್ಗು, ಅತ್ತೆ" ಎಂದಳು ಅಮ್ಮ.

ಅಲ್ಲಿಂದ ಮುಂದೆ ಅಮ್ಮ ಮನೆ ಬಿಡುತ್ತಿದ್ದುದು ಒಂಬತ್ತು ಗಂಟೆಗೆ. ದಿನಕ್ಕೆ ಎರಡು ಗಂಟೆ ಉಳಿಯಿತು. ಆ ಎರಡು ಗಂಟೆಯಲ್ಲಿ ಅವಳು ಓದಿ ಬಿ.ಎಡ್. ಮುಗಿಸಿದಳು. ಹಳ್ಳಿಯ ಮಕ್ಕಳು ಅವಳನ್ನು 'ಲೂನಾ ಮಿಸ್ಸು' ಎಂದು ಕರೆಯುತ್ತಿದ್ದರು. ಇಬ್ಬರು ಕೂತರೆ ಏರಿನಲ್ಲಿ ಆ ಗಾಡಿ ತಿಣುಕುತ್ತಿತ್ತು, ನಾವು ಇಳಿದು ತಳ್ಳುತ್ತಿದ್ದೆವು. ಪೆಟ್ರೋಲ್ ಮುಗಿದರೆ ಪೆಡಲ್ ತುಳಿದು ಮನೆ ಸೇರಬಹುದಿತ್ತು. ಯೆಜ್ಡಿಯ ಅಭಿಮಾನಿಗಳು ಇದನ್ನು ನೋಡಿ ನಗುತ್ತಿದ್ದರು. ನಮ್ಮ ಮನೆಯ ಲೆಕ್ಕದಲ್ಲಿ ಮಾತ್ರ ಈ ಪುಟ್ಟ ಗಾಡಿ ಮಾಡಿದ ಕೆಲಸವೇ ದೊಡ್ಡದು.

ಬಟನ್ ಬಂತು

ಆ ದಿನಗಳಲ್ಲಿ ಮಧ್ಯಮವರ್ಗದ ಕನಸು ಎಂದರೆ 1972ರಲ್ಲಿ ಮಾರುಕಟ್ಟೆಗೆ ಬಂದಿದ್ದ ಬಜಾಜ್ ಚೇತಕ್ ಸ್ಕೂಟರ್. ಎಷ್ಟು ತಯಾರಿಸಬೇಕೆಂಬುದಕ್ಕೂ ಸರ್ಕಾರದ ಪರವಾನಗಿ ಬೇಕಾಗಿದ್ದ ಕಾಲ ಅದು. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1989ರಲ್ಲಿ 'ಹಮಾರಾ ಬಜಾಜ್' ಜಾಹೀರಾತು ದೂರದರ್ಶನದಲ್ಲಿ ಬಂದಾಗ ಇಡೀ ದೇಶ ಅದನ್ನು ಗುನುಗಿತು. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಚೇತಕ್ ಇತ್ತು. ಸ್ಟಾರ್ಟ್ ಆಗದಿದ್ದಾಗ ಅದನ್ನು ಪಕ್ಕಕ್ಕೆ ವಾಲಿಸಿ ಮತ್ತೆ ಒದೆಯುವುದು ಅವರ ಬೆಳಗಿನ ವ್ಯಾಯಾಮವಾಗಿತ್ತು.

ಒದೆಯುವ ಕಷ್ಟಕ್ಕೆ ಪರಿಹಾರ ಹೊಸದೇನಲ್ಲ. ಮೊದಲಿನ ಕಾರುಗಳನ್ನು ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ಹ್ಯಾಂಡಲ್ ಹಿಮ್ಮುಖವಾಗಿ ತಿರುಗಿದರೆ ಕೈಯೇ ಮುರಿಯುತ್ತಿತ್ತು. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಬ್ಯಾಟರಿಯಿಂದ ಓಡುವ ಒಂದು ಸಣ್ಣ ಮೋಟಾರು ಎಂಜಿನ್ನಿನ ಮೊದಲ ಸುತ್ತನ್ನು ತಿರುಗಿಸಿಕೊಡುತ್ತದೆ, ಅಷ್ಟೆ. ಈ ಸೌಕರ್ಯ ನಮ್ಮ ದೇಶದ ಸ್ಕೂಟರಿಗೆ ಬಂದು ಜನಪ್ರಿಯವಾಗಲು 1980ರ ದಶಕದ ಕೈನೆಟಿಕ್ ಹೋಂಡಾ ಬರಬೇಕಾಯಿತು. ಬಟನ್ ಒತ್ತಿದರೆ ಸ್ಟಾರ್ಟ್, ಗೇರು ತಾನಾಗಿಯೇ ಹೊಂದಿಕೊಳ್ಳುತ್ತಿತ್ತು. ಎರಡು ಗಾಲಿಗಳ ನಡುವೆ ಒಂದು ಬೆಲ್ಟು, ವೇಗಕ್ಕೆ ತಕ್ಕಂತೆ ಆ ಗಾಲಿಗಳ ಸುತ್ತಳತೆ ಹಿಗ್ಗಿ ಕುಗ್ಗುವ ವ್ಯವಸ್ಥೆ.

1998ರಲ್ಲಿ, ಯುವರಾಜ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ಸೆಕೆಂಡ್‌ಹ್ಯಾಂಡ್ ಕೈನೆಟಿಕ್ ಹೋಂಡಾ ನನ್ನ ಕೈಗೆ ಬಂತು. ರಸಾಯನಶಾಸ್ತ್ರದ ಪ್ರಾಯೋಗಿಕ ತರಗತಿ ಮುಗಿಯುವಾಗ ಕತ್ತಲಾಗುತ್ತಿತ್ತು. ಅದಕ್ಕೆ ಮುನ್ನ ಐದೂವರೆಯ ಬಸ್ಸಿಗಾಗಿ ಪ್ರಯೋಗವನ್ನು ಅರ್ಧಕ್ಕೆ ಬಿಡುತ್ತಿದ್ದ ನಾನು ಈಗ ಕೊನೆಯವರೆಗೆ ನಿಲ್ಲತೊಡಗಿದೆ. ನನ್ನ ಹಿಂದಿನ ಸೀಟಿನಲ್ಲಿ ಒಬ್ಬ ಗೆಳತಿಯೂ ನಿಲ್ಲತೊಡಗಿದಳು.

ಇದೇ ವರ್ಷಗಳಲ್ಲಿ ಒಂದು ಯುಗ ಮುಗಿಯಿತು. ಯೆಜ್ಡಿ, ಲೂನಾ, ಚೇತಕ್, ಕೈನೆಟಿಕ್, ನಾಲ್ಕೂ ಟೂ-ಸ್ಟ್ರೋಕ್ ಎಂಜಿನ್ನಿನವು. ಸರಳ, ಬಲಶಾಲಿ. ಆದರೆ ಅವುಗಳಲ್ಲಿ ಹೊಸ ಮಿಶ್ರಣ ಸಿಲಿಂಡರಿಗೆ ಬರುವಾಗಲೇ ಹಳೆಯ ಹೊಗೆ ಹೊರಗೆ ಹೋಗುತ್ತದೆ. ಹೀಗಾಗಿ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಹೊರಬೀಳುತ್ತದೆ, ಜೊತೆಗೆ ಎಣ್ಣೆಯ ಹೊಗೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100ರಂಥ ಫೋರ್-ಸ್ಟ್ರೋಕ್ ಬೈಕುಗಳು ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಓಡಿದವು. 1996 ಮತ್ತು 2000ದ ಹೊಗೆ ನಿಯಮಗಳು ಬಿಗಿಯಾದವು. ಯಾದವಗಿರಿಯ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ನಮ್ಮ ಬೀದಿಯಲ್ಲೇ ಅಲ್ಲಿನ ನೌಕರರಿದ್ದರು. ಗಾಳಿ ಶುದ್ಧವಾಗಬೇಕೆಂಬುದು ಸರಿ. ಅದರ ಬೆಲೆಯಲ್ಲಿ ಒಂದು ಪಾಲನ್ನು ಯಾರ ಮನೆಯ ಒಲೆ ತೆತ್ತಿತು ಎಂಬುದನ್ನೂ ಚರಿತ್ರೆ ಬರೆಯುವವರು ದಾಖಲಿಸಬೇಕು.

2001ರಲ್ಲಿ ಬಂದ ಹೋಂಡಾ ಆಕ್ಟಿವಾ ಬಟನ್ ಮತ್ತು ಫೋರ್-ಸ್ಟ್ರೋಕ್ ಎರಡನ್ನೂ ಒಂದುಗೂಡಿಸಿತು. 2013ರಿಂದ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಆ ಕಂಪನಿಯ ಕಾರ್ಖಾನೆ ನಡೆಯುತ್ತಿದೆ. ಇಂದು ಮನೆಯ ಸ್ಕೂಟರ್ ಎಂದರೆ ಅಪ್ಪನದೋ ಮಗಳದೋ ಎಂದು ಯಾರೂ ಕೇಳುವುದಿಲ್ಲ.

ಕಾರು, ಮತ್ತೆ ವಿದ್ಯುತ್ತು

ಕೆಲಸಕ್ಕೆ ಸೇರಿ ಬೆಂಗಳೂರಿಗೆ ಬಂದ ಮೇಲೆ 2005ರಲ್ಲಿ ಒಂದು ಹಳೆಯ ಮಾರುತಿ 800 ಕೊಂಡೆ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿಯ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಗ್ರಾಹಕರಿಗೆ ಹಸ್ತಾಂತರಿಸಿದ್ದರು. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್ನಿನ ಆ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಪ್ಪ, ಅಮ್ಮ, ಅಜ್ಜಿ ಮೂವರನ್ನೂ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋದಾಗ ಅಜ್ಜಿ ಮುಂದಿನ ಸೀಟಿನಲ್ಲಿ ಕೂತಿದ್ದರು.

ಹೆಂಗಸು ಕಾರು ಓಡಿಸುವುದು ಈಚಿನ ವಿಚಾರ ಎಂದುಕೊಂಡರೆ ತಪ್ಪು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಕಾರು ಓಡಿಸಿಕೊಂಡು ಹೋದರು. ಪತಿ ಕಾರ್ಲ್ ಬೆಂಜ್ ತಯಾರಿಸಿದ ವಾಹನದ ಮೊದಲ ದೂರಪ್ರಯಾಣ ಅದು. ದಾರಿಯಲ್ಲಿ ಇಂಧನ ಕೊಂಡದ್ದು ಔಷಧದ ಅಂಗಡಿಯಲ್ಲಿ.

1900ರ ನಂತರದ ವರ್ಷಗಳಲ್ಲಿ ಅಮೆರಿಕದಲ್ಲಿ ಬ್ಯಾಟರಿ ಕಾರುಗಳು ಸಾಕಷ್ಟು ಇದ್ದವು. ಹ್ಯಾಂಡಲ್ ತಿರುಗಿಸುವ ಅಗತ್ಯವಿಲ್ಲದ್ದರಿಂದ ಅವು ಹೆಂಗಸರ ಕಾರುಗಳೆಂದು ಹೆಸರಾಗಿದ್ದವು. ಪೆಟ್ರೋಲ್ ಕಾರಿನ ದೊರೆ ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದುದೂ ಬ್ಯಾಟರಿ ಕಾರನ್ನೇ. ಪೆಟ್ರೋಲ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಬ್ಯಾಟರಿ ಕಾರಿನ ಮುಖ್ಯ ಅನುಕೂಲವೊಂದು ಕಳೆದುಹೋಯಿತು, ಅದು ಮೂಲೆಗೆ ಸರಿಯಿತು. ಅದನ್ನು ಮತ್ತೆ ರಸ್ತೆಗೆ ತರುವ ಪ್ರಯತ್ನದಲ್ಲಿ ಬೆಂಗಳೂರಿಗೂ ಪಾಲಿದೆ. 2001ರಲ್ಲಿ ಇಲ್ಲಿಂದಲೇ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರು ಹೊರಬಂತು. 2018ರಲ್ಲಿ ಇಲ್ಲಿನ ಏಥರ್ ಸಂಸ್ಥೆಯ ವಿದ್ಯುತ್ ಸ್ಕೂಟರ್ ಬಂತು. ಈಗ ನಮ್ಮ ಮನೆಯ ಏಳನೆಯ ವಾಹನವೂ ಒಂದು ವಿದ್ಯುತ್ ಸ್ಕೂಟರ್. ಅದಕ್ಕೆ ಸ್ಟಾರ್ಟ್ ಮಾಡುವ ಮೊದಲ ಸುತ್ತೇ ಇಲ್ಲ. ಮೋಟಾರು ನಿಂತಲ್ಲಿಂದಲೇ ಬಲ ಕೊಡುತ್ತದೆ.

ಹಾಗೆಂದು ಎಲ್ಲ ತಡೆಗಳೂ ಮುಗಿದಿಲ್ಲ. ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ. ನೂರು ಕಿಲೋಗಿಂತ ಹೆಚ್ಚು ತೂಗುವ ಈ ಸ್ಕೂಟರನ್ನು ಸ್ಟಾಂಡಿಗೆ ಎಳೆದು ನಿಲ್ಲಿಸಲು ಅವಳಿಂದಾಗದು. ಅವಳು ತಂಗಿಯ ಮನೆಗೆ ಹೋಗುವುದು ಮತ್ತೆ ಬಸ್ಸಿನಲ್ಲಿಯೇ, ಮತ್ತೆ ಅದೇ ಎತ್ತರದ ಫುಟ್‌ಬೋರ್ಡ್ ಹತ್ತಿ. ಕಾಲಿನ ಬಲವಿಲ್ಲದವರು, ವಯಸ್ಸಾದವರು ತಾವಾಗಿ ಹೊರಡಬಲ್ಲ ವಾಹನವನ್ನು ರೂಪಿಸುವ ಕೆಲಸ ಇನ್ನೂ ಬಾಕಿ ಇದೆ. ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುವಿರಿ. ಅದು ನಿಮ್ಮ ಪಾಲಿನ ಕೆಲಸ.

ನೀವೂ ಬರೆಯಿರಿ

ವಿದ್ಯಾರ್ಥಿಗಳೇ, ಈ ಚರಿತ್ರೆಯನ್ನು ಬರೆಯಲು ಪತ್ರಾಗಾರಕ್ಕೆ ಹೋಗಬೇಕಿಲ್ಲ. ಒಂದು ಹಾಳೆಯಲ್ಲಿ ನಾಲ್ಕು ಕಾಲಮ್ಮು ಎಳೆಯಿರಿ. ಮೊದಲನೆಯದರಲ್ಲಿ ನಿಮ್ಮ ಮನೆಗೆ ಬಂದ ವಾಹನ, ಎರಡನೆಯದರಲ್ಲಿ ಬಂದ ವರ್ಷ, ಮೂರನೆಯದರಲ್ಲಿ ಅದು ಹೋದ ವರ್ಷ ಮತ್ತು ಕಾರಣ. ಎತ್ತಿನ ಗಾಡಿಯಿದ್ದರೆ ಅದನ್ನೂ ಸೇರಿಸಿ. ಸ್ವಂತ ವಾಹನವೇ ಇಲ್ಲದಿದ್ದರೆ ಊರಿಗೆ ಬರುವ ಬಸ್ಸಿನ ವೇಳೆಯನ್ನು ಬರೆಯಿರಿ. ನಾಲ್ಕನೆಯ ಕಾಲಮ್ಮಿನಲ್ಲಿ, ಅದನ್ನು ಮನೆಯಲ್ಲಿ ಯಾರು ಯಾರು ಓಡಿಸಬಲ್ಲವರಾಗಿದ್ದರು ಎಂದು ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ತುಂಬಿ. ಮೊದಲ ಮೂರು ಕಾಲಮ್ಮು ಬೇಗ ತುಂಬುತ್ತವೆ. ನಾಲ್ಕನೆಯದಕ್ಕೆ ಒಂದು ಸಂಜೆಯ ಬಿಡುವು ಇಟ್ಟುಕೊಳ್ಳಿ.